ಅಜ್ಜನ ನಿದ್ದೆಗೆಡಿಸುವ ಪ್ರಾಸ್ಟೇಟ್ ಗ್ರಂಥಿ

ನಿಮ್ಮ ಮನೆಯ ಹಿರಿಯರು ರಾತ್ರಿ ಎಷ್ಟು ಸಲ ಎದ್ದು ಬಚ್ಚಲಿಗೆ ಹೋಗುತ್ತಾರೆ ಎಂಬುದನ್ನು ಎಂದಾದರೂ ಗಮನಿಸಿದ್ದೀರಾ? ಬಾಗಿಲ ಅಗಳಿ ತೆಗೆದ ಸದ್ದು, ಒಂದು ಕೆಮ್ಮು, ಹತ್ತು ನಿಮಿಷದ ಬಳಿಕ ಮತ್ತೆ ಅಗಳಿ ಹಾಕಿದ ಸದ್ದು. ಗಂಟೆ ಕಳೆಯುವುದರೊಳಗೆ ಪುನಃ ಅದೇ. ಬೆಳಿಗ್ಗೆ ಕೇಳಿದರೆ "ವಯಸ್ಸಾತಲ್ಲ, ನಿದ್ದಿ ಬರೂದಿಲ್ಲ" ಎನ್ನುತ್ತಾರೆ. ಎಷ್ಟೋ ಸಲ ಇದು ತಿರುಗುಮುರುಗಾದ ಮಾತು. ನಿದ್ದೆ ಬಾರದೆ ಅವರು ಏಳುವುದಲ್ಲ, ಏಳಬೇಕಾಗಿ ಬರುವುದರಿಂದಲೇ ಅವರಿಗೆ ನಿದ್ದೆ ಇಲ್ಲ.

ಮಳಗಿಯಂಥ ಊರಿನಲ್ಲಿ ವೈದ್ಯನಾದವನಿಗೆ ಈ ತೊಂದರೆ ನೇರವಾಗಿ ಎದುರಾಗುವುದು ಕಡಿಮೆ. ಸೊಂಟನೋವು, ಬಿ.ಪಿ., ಮಂಡಿನೋವು ಎಂದು ಬಂದ ಹಿರಿಯರು ಔಷಧಿ ಚೀಟಿ ಪಡೆದು ಏಳುತ್ತಾರೆ. ಜೊತೆಗೆ ಬಂದ ಮಗಳೋ ಸೊಸೆಯೋ ಹೊರಗೆ ಹೋದ ಮೇಲೆ ಬಾಗಿಲ ಬಳಿ ನಿಂತು, ದನಿ ತಗ್ಗಿಸಿ, "ಒಂದಕ್ಕ ಹೋಗೂದು ಸ್ವಲ್ಪ ತ್ರಾಸ ಆಗೇತ್ರಿ" ಎನ್ನುತ್ತಾರೆ. ಎಷ್ಟು ದಿನದಿಂದ ಎಂದು ಕೇಳಿದರೆ ಉತ್ತರ ದಿನಗಳಲ್ಲಿರುವುದಿಲ್ಲ, ವರ್ಷಗಳಲ್ಲಿರುತ್ತದೆ. ಅಷ್ಟು ಕಾಲ ಅದನ್ನು 'ಉಷ್ಣ' ಎಂದೋ 'ವಯಸ್ಸು' ಎಂದೋ ಸಹಿಸಿಕೊಂಡಿರುತ್ತಾರೆ.

ಇದಕ್ಕೆ ಬಹುಪಾಲು ಕಾರಣ ಪ್ರಾಸ್ಟೇಟ್ ಗ್ರಂಥಿ. ವಯಸ್ಸಿನೊಡನೆ ಈ ತೊಂದರೆ ಬರುತ್ತದೆ ಎಂಬುದು ನಿಜ. ಆದರೆ ವಯಸ್ಸಾಯಿತೆಂದು ಅದನ್ನು ಸಹಿಸಿಕೊಂಡೇ ಇರಬೇಕೆಂಬುದು ಮಾತ್ರ ಸುಳ್ಳು.

ಗ್ರಂಥಿ ಎಲ್ಲಿದೆ? ಕೆಲಸವೇನು?

ಪ್ರಾಸ್ಟೇಟ್ ಗಂಡಸರಲ್ಲಿ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಕೆಳಗೆ, ಗುದದ್ವಾರದ ಮುಂಭಾಗದಲ್ಲಿ, ಮೂತ್ರನಾಳವನ್ನು ಉಂಗುರದಂತೆ ಸುತ್ತುವರಿದು ಕುಳಿತಿದೆ. ತರುಣರಲ್ಲಿ ಅದರ ತೂಕ ಸುಮಾರು 20 ಗ್ರಾಂ, ಗಾತ್ರ ಸುಲಿದ ದೊಡ್ಡ ಅಡಿಕೆಗಿಂತ ತುಸು ಹೆಚ್ಚು. ವೀರ್ಯದ ದ್ರವದಲ್ಲಿ ಒಂದು ಪಾಲನ್ನು ಇದು ತಯಾರಿಸುತ್ತದೆ. ಆ ದ್ರವದಿಂದ ವೀರ್ಯಾಣುಗಳಿಗೆ ಪೋಷಣೆಯೂ ಚಲನೆಗೆ ಅನುಕೂಲವೂ ಒದಗುತ್ತದೆ. ಸಂತಾನೋತ್ಪತ್ತಿಯ ವಯಸ್ಸು ಕಳೆದ ಮೇಲೆ ಅದರಿಂದ ಹೆಚ್ಚಿನ ಕೆಲಸವಿಲ್ಲ. ಆದರೆ ತೊಂದರೆ ಕೊಡಲು ಶುರುಮಾಡುವುದು ಆಗಲೇ.

ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಊರ ಪಕ್ಕದಲ್ಲೇ ಧರ್ಮಾ ಜಲಾಶಯವಿದೆ. ಜಲಾಶಯ ಎಷ್ಟೇ ತುಂಬಿರಲಿ, ತೂಬಿನ ಬಾಯಿ ಕಿರಿದಾದರೆ ಕಾಲುವೆಯಲ್ಲಿ ನೀರು ಸಣ್ಣಗೆ ಹರಿಯುತ್ತದೆ. ಮೂತ್ರಕೋಶ ಆ ಜಲಾಶಯ, ಮೂತ್ರನಾಳ ಕಾಲುವೆ, ಎರಡೂ ಸೇರುವಲ್ಲಿ ಕುಳಿತ ಪ್ರಾಸ್ಟೇಟ್ ತೂಬಿನ ಬಾಯಿ.

ಏಕೆ ಬೆಳೆಯುತ್ತದೆ?

ಹರೆಯ ಬಂದಾಗ ಈ ಗ್ರಂಥಿ ಒಮ್ಮೆ ಬೆಳೆಯುತ್ತದೆ. ಕೆಲವು ವರ್ಷ ಹಾಗೇ ಇದ್ದು, ನಡುವಯಸ್ಸಿನ ಹೊತ್ತಿಗೆ ಅದರ ಒಳಭಾಗ ಮತ್ತೆ ನಿಧಾನವಾಗಿ ದಪ್ಪವಾಗತೊಡಗುತ್ತದೆ. ಐವತ್ತರಿಂದ ಅರವತ್ತರ ನಡುವಿನ ಗಂಡಸರಲ್ಲಿ ಸುಮಾರು ಅರ್ಧದಷ್ಟು ಜನರ ಗ್ರಂಥಿಯಲ್ಲಿ ಈ ಬದಲಾವಣೆ ಕಾಣಸಿಗುತ್ತದೆ. ಎಂಬತ್ತು ದಾಟಿದವರಲ್ಲಿ ಇದು ಹತ್ತಕ್ಕೆ ಒಂಬತ್ತು. ಆದರೆ ಇವರೆಲ್ಲರಿಗೂ ತೊಂದರೆ ಆಗುವುದಿಲ್ಲ. ಗ್ರಂಥಿ ದೊಡ್ಡದಿದ್ದೂ ಆರಾಮವಾಗಿ ಇರುವವರಿದ್ದಾರೆ. ಸ್ವಲ್ಪವೇ ಬೆಳೆದ ಗ್ರಂಥಿ ನಾಳವನ್ನು ಒತ್ತಿ ಹೈರಾಣು ಮಾಡುವುದೂ ಉಂಟು. ಆದ್ದರಿಂದ ಸ್ಕ್ಯಾನಿಂಗ್ ವರದಿಯಲ್ಲಿ ಗ್ರಂಥಿ ಇಷ್ಟು ಗ್ರಾಂ ಎಂದು ಬರೆದದ್ದನ್ನು ನೋಡಿ ಹೆದರಬೇಕಿಲ್ಲ.

ಈ ಬೆಳವಣಿಗೆಗೆ ಎರಡು ಸಂಗತಿಗಳು ಬೇಕು: ವಯಸ್ಸು ಮತ್ತು ಪುರುಷ ಹಾರ್ಮೋನು. ಬೀಡಿ, ಖಾರ, ಬಿಸಿಲಲ್ಲಿ ದುಡಿಮೆ, ಯೌವನದ ಅಭ್ಯಾಸಗಳು ಯಾವುವೂ ಇದಕ್ಕೆ ಮೂಲ ಕಾರಣವಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರಿಂದ ಹೀಗಾಯಿತೆಂದು ಕೊರಗುವವರೂ ಇದ್ದಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಗುರುತಿಸುವುದು ಹೇಗೆ?

ವೈದ್ಯರು ಜಗತ್ತಿನಾದ್ಯಂತ ಏಳು ಪ್ರಶ್ನೆಗಳ ಒಂದು ಪಟ್ಟಿಯನ್ನು ಬಳಸುತ್ತಾರೆ. ಕಳೆದ ಒಂದು ತಿಂಗಳನ್ನು ನೆನೆದು ಉತ್ತರಿಸಬೇಕು. ಮನೆಯಲ್ಲೇ ಕೇಳಿಕೊಳ್ಳಬಹುದು:

1. ಮೂತ್ರ ಮಾಡಿದ ಮೇಲೂ ಇನ್ನೂ ಉಳಿದಿದೆ ಎನಿಸುತ್ತದೆಯೇ?
2. ಎರಡು ಗಂಟೆಯೊಳಗೆ ಮತ್ತೆ ಹೋಗಬೇಕಾಗುತ್ತದೆಯೇ?
3. ಧಾರೆ ನಡುನಡುವೆ ನಿಂತು ಮತ್ತೆ ಶುರುವಾಗುತ್ತದೆಯೇ?
4. ಅವಸರ ಬಂದರೆ ತಡೆದುಕೊಳ್ಳಲು ಕಷ್ಟವೇ?
5. ಧಾರೆ ಸಣ್ಣದಾಗಿದೆಯೇ?
6. ಶುರುವಾಗಲು ಮುಕ್ಕಬೇಕಾಗುತ್ತದೆಯೇ?
7. ರಾತ್ರಿ ಮಲಗಿದ ಮೇಲೆ ಎಷ್ಟು ಸಲ ಏಳುತ್ತೀರಿ?

ಪ್ರತಿ ಪ್ರಶ್ನೆಗೆ ಸೊನ್ನೆಯಿಂದ ಐದು ಅಂಕ. ಒಟ್ಟು 35. ಏಳರವರೆಗೆ ತೊಂದರೆ ಸೌಮ್ಯ, 8ರಿಂದ 19 ಮಧ್ಯಮ, 20ಕ್ಕೆ ಮೇಲ್ಪಟ್ಟರೆ ತೀವ್ರ. ಚಿಕಿತ್ಸೆ ಬೇಕೋ ಬೇಡವೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ಅಂಕಗಳು ಮತ್ತು ಇದರಿಂದ ನಿಮಗೆ ಎಷ್ಟು ತೊಂದರೆಯಾಗಿದೆ ಎಂಬ ನಿಮ್ಮ ಮಾತು.

ಒಂದು ಎಚ್ಚರಿಕೆ. ರಾತ್ರಿ ಏಳುವುದಕ್ಕೆಲ್ಲ ಪ್ರಾಸ್ಟೇಟೇ ಕಾರಣವಲ್ಲ. ಸಕ್ಕರೆ ಕಾಯಿಲೆ, ಹೃದಯದ ದೌರ್ಬಲ್ಯದಿಂದ ಕಾಲು ಬಾಯುವುದು, ಸಂಜೆ ತೆಗೆದುಕೊಳ್ಳುವ ಮೂತ್ರವರ್ಧಕ ಮಾತ್ರೆ, ಮಲಗುವ ಮುನ್ನ ಕುಡಿದ ಚಹಾ ಕೂಡ ಕಾರಣವಾಗಬಹುದು. ಹೀಗಾಗಿಯೇ ಔಷಧಿ ಅಂಗಡಿಯಲ್ಲಿ ಕೇಳಿ ಮಾತ್ರೆ ತರುವುದಕ್ಕಿಂತ ಮೊದಲು ತಪಾಸಣೆ ಅಗತ್ಯ.

ಮೂತ್ರ ಕಟ್ಟಿದಾಗ

ಪ್ರಾಸ್ಟೇಟ್ ಹಿಗ್ಗಿದವರಿಗೆ ಕೆಲವೊಮ್ಮೆ ಇದ್ದಕ್ಕಿದ್ದಂತೆ ಮೂತ್ರ ಪೂರ್ತಿ ನಿಂತುಬಿಡುತ್ತದೆ. ಕಿಬ್ಬೊಟ್ಟೆ ಗಟ್ಟಿಯಾಗಿ ಉಬ್ಬುತ್ತದೆ, ಕೂರಲಾಗದು, ನಿಲ್ಲಲಾಗದು. ಈ ನೋವನ್ನು ಕಂಡವರು ಮರೆಯುವುದಿಲ್ಲ.

ಇದಕ್ಕೆ ನೆಪವಾಗುವ ಸಂಗತಿಗಳು ಬಹಳ ಸಾಮಾನ್ಯವಾದವು. ನೆಗಡಿಗೆಂದು ಅಂಗಡಿಯಿಂದ ತಂದ ಮಾತ್ರೆ ಅವುಗಳಲ್ಲಿ ಮುಖ್ಯ. ಮೂಗು ಕಟ್ಟಿದ್ದನ್ನು ಬಿಡಿಸುವ ಫಿನೈಲೆಫ್ರಿನ್‌ನಂಥ ಔಷಧಿ ಪ್ರಾಸ್ಟೇಟಿನ ಸ್ನಾಯುವನ್ನು ಬಿಗಿಗೊಳಿಸುತ್ತದೆ. ಅದೇ ಮಾತ್ರೆಯಲ್ಲಿರುವ ನಿದ್ದೆ ಬರಿಸುವ ಅಲರ್ಜಿ ಔಷಧಿ ಮೂತ್ರಕೋಶದ ಬಲ ಕುಗ್ಗಿಸುತ್ತದೆ. ಅತ್ತ ತೂಬು ಬಿಗಿ, ಇತ್ತ ಒತ್ತಡವಿಲ್ಲ. ಮದ್ಯಪಾನ, ತೀವ್ರ ಮಲಬದ್ಧತೆ, ಬೇರೆ ಯಾವುದೋ ಶಸ್ತ್ರಚಿಕಿತ್ಸೆ, ಮದುವೆಮನೆಯಲ್ಲೋ ಹುಬ್ಬಳ್ಳಿಯ ಬಸ್ಸಿನಲ್ಲೋ ಸಂಕೋಚದಿಂದ ತಾಸುಗಟ್ಟಲೆ ತಡೆದು ಕೂತದ್ದು, ಇವೂ ಕಾರಣಗಳೇ.

ಇಂಥ ಹೊತ್ತಿನಲ್ಲಿ ಮನೆಯವರು ಪ್ರೀತಿಯಿಂದ ಮಾಡುವ ಒಂದು ಕೆಲಸ ಸಂಕಟವನ್ನು ಹೆಚ್ಚಿಸುತ್ತದೆ. ಎಳನೀರು, ಬಾರ್ಲಿ ನೀರು, ಜೀರಿಗೆ ಕಷಾಯ ಒಂದರ ಮೇಲೊಂದು ಕುಡಿಸುತ್ತಾರೆ. ತೂಬು ಮುಚ್ಚಿದ ಜಲಾಶಯಕ್ಕೆ ಇನ್ನಷ್ಟು ನೀರು ಬಿಟ್ಟಂತೆ ಇದು. ದಯವಿಟ್ಟು ಕುಡಿಸಬೇಡಿ. ಬೆಳಗಾಗಲಿ ಎಂದು ಕಾಯಲೂ ಬೇಡಿ. ಹತ್ತಿರದ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಿರಿ. ಕ್ಯಾಥೆಟರ್ ಎಂಬ ಮೆತ್ತನೆಯ ರಬ್ಬರು ನಳಿಕೆಯನ್ನು ಮೂತ್ರನಾಳದ ಮೂಲಕ ಹಾಯಿಸಿದ ಕೆಲವೇ ನಿಮಿಷಗಳಲ್ಲಿ ನೋವು ಇಳಿಯುತ್ತದೆ.

ನಳಿಕೆ ಹಾಕಿದರೆ ಜೀವನಪರ್ಯಂತ ಅದೇ ಗತಿ ಎಂಬ ಭಯ ಬೇಡ. ಕೆಲವು ದಿನ ಮಾತ್ರೆ ಕೊಟ್ಟು, ನಳಿಕೆ ತೆಗೆದು ನೋಡುತ್ತಾರೆ. ಅನೇಕರಿಗೆ ಮೂತ್ರ ಮತ್ತೆ ತಾನಾಗಿ ಬರುತ್ತದೆ. ಆದರೆ ನಳಿಕೆ ಇದ್ದಷ್ಟು ದಿನ ಚೀಲವನ್ನು ಸೊಂಟಕ್ಕಿಂತ ಕೆಳಗಿಡಬೇಕು. ಕಿರಿಕಿರಿಯೆಂದು ಎಳೆದು ತೆಗೆಯಲೇಬಾರದು. ಒಳಗೆ ನೀರು ತುಂಬಿದ ಪುಟ್ಟ ಬಲೂನು ಅದನ್ನು ಹಿಡಿದಿಟ್ಟಿರುತ್ತದೆ, ಎಳೆದರೆ ನಾಳ ಹರಿದು ರಕ್ತಸ್ರಾವವಾಗುತ್ತದೆ.

ನೋವಿಲ್ಲದ ಅಪಾಯ

ನೋವಿನಿಂದ ಮೂತ್ರ ಕಟ್ಟಿದವರು ಹೇಗೂ ಆಸ್ಪತ್ರೆಗೆ ಬರುತ್ತಾರೆ. ನಾನು ಹೆಚ್ಚು ಹೆದರುವುದು ನೋವಿಲ್ಲದೆ ಕಟ್ಟಿದವರ ಬಗ್ಗೆ.

ವರ್ಷಗಟ್ಟಲೆ ಕಿರಿದಾದ ದಾರಿಯಲ್ಲಿ ಮೂತ್ರವನ್ನು ತಳ್ಳಿ ತಳ್ಳಿ ಮೂತ್ರಕೋಶದ ಸ್ನಾಯು ಮೊದಲು ದಪ್ಪವಾಗುತ್ತದೆ, ಆಮೇಲೆ ಸೋಲುತ್ತದೆ. ಪ್ರತಿಸಲ ಸ್ವಲ್ಪ ಮೂತ್ರ ಒಳಗೇ ಉಳಿಯುತ್ತದೆ. ಹೀಗೆ ನಿಂತ ಮೂತ್ರದಲ್ಲಿ ಸೋಂಕು ತಗಲುತ್ತದೆ, ಕಲ್ಲು ಕಟ್ಟುತ್ತದೆ. ಉಳಿಯುವ ಪ್ರಮಾಣ ಹೆಚ್ಚುತ್ತ ಹೋದರೆ ಜಲಾಶಯದ ಹಿನ್ನೀರು ಮೇಲಿನ ಹೊಲಗಳನ್ನು ಮುಳುಗಿಸುವಂತೆ ಒತ್ತಡ ಮೇಲಕ್ಕೇರಿ ಎರಡೂ ಮೂತ್ರಪಿಂಡಗಳು ಉಬ್ಬುತ್ತವೆ. ಅಷ್ಟಾದರೂ ನೋವಿರುವುದಿಲ್ಲ. ಕಾಣುವ ಗುರುತೆಂದರೆ ತುಂಬಿ ತುಳುಕಿದ ಮೂತ್ರ ಹನಿಹನಿಯಾಗಿ ಸೋರುವುದು, ರಾತ್ರಿ ಹಾಸಿಗೆ ಒದ್ದೆಯಾಗುವುದು, ಊಟ ಸೇರದಿರುವುದು, ಮುಖ ಕಾಲು ಬಾಯುವುದು.

ಹಾಸಿಗೆ ಒದ್ದೆಯಾದದ್ದನ್ನು ಯಾವ ಹಿರಿಯರೂ ಬಾಯಿಬಿಟ್ಟು ಹೇಳುವುದಿಲ್ಲ. ಪಂಚೆಯನ್ನು ತಾವೇ ತೊಳೆದು ಹಾಕುತ್ತಾರೆ, ಮಲಗುವ ಜಾಗ ಬದಲಿಸುತ್ತಾರೆ, ನೆಂಟರ ಮನೆಗೆ ಹೋಗುವುದನ್ನು ಬಿಡುತ್ತಾರೆ. ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಮನೆಯವರು ಗಮನಿಸಬೇಕಾದದ್ದು ಇದನ್ನು. "ಅಪ್ಪನಿಗೆ ಅರಳುಮರುಳು" ಎಂದು ನಕ್ಕು ಬಿಟ್ಟ ಮನೆಯಲ್ಲಿ ಎರಡು ಮೂತ್ರಪಿಂಡಗಳು ಹಾಳಾಗುತ್ತಿರಬಹುದು. ಸಕಾಲದಲ್ಲಿ ಕ್ಯಾಥೆಟರ್ ಹಾಕಿ ಒತ್ತಡ ಇಳಿಸಿದರೆ ಅವು ಬಹಳಷ್ಟು ಚೇತರಿಸಿಕೊಳ್ಳಬಲ್ಲವು. ತಡವಾದರೆ ಡಯಾಲಿಸಿಸ್ ಬಾಗಿಲು ಕಾಯಬೇಕಾದೀತು.

ತಪಾಸಣೆ

ತಪಾಸಣೆಗೆ ಹೆದರುವಂಥದ್ದು ಏನೂ ಇಲ್ಲ. ವೈದ್ಯರು ಕೈಗವಸು ತೊಟ್ಟು ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯನ್ನು ಮುಟ್ಟಿ ನೋಡುತ್ತಾರೆ. ಮುಜುಗರವೆನಿಸಿದರೂ ಒಂದು ನಿಮಿಷದ ಕೆಲಸ. ಗ್ರಂಥಿ ನುಣುಪಾಗಿದೆಯೇ, ಕಲ್ಲಿನಂತೆ ಗಟ್ಟಿಯಾಗಿದೆಯೇ ಎಂಬುದು ಇದರಿಂದ ತಿಳಿಯುತ್ತದೆ. ಮೂತ್ರಪರೀಕ್ಷೆ, ರಕ್ತದ ಸಕ್ಕರೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಬೇಕು. ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡಿಸುವಾಗ ಮೂತ್ರ ಮಾಡಿದ ನಂತರ ಒಳಗೆ ಎಷ್ಟು ಉಳಿದಿದೆ ಎಂಬುದನ್ನು ತಪ್ಪದೆ ಅಳೆಸಿರಿ. ಗ್ರಂಥಿಯ ಗಾತ್ರಕ್ಕಿಂತ ಈ ಅಂಕಿಯೇ ಎಷ್ಟೋ ಸಲ ಹೆಚ್ಚು ಹೇಳುತ್ತದೆ.

ಮಾತ್ರೆಗಳು

ತೊಂದರೆ ಸೌಮ್ಯವಾಗಿದ್ದರೆ ಔಷಧಿಯೇ ಬೇಡ. ಅಭ್ಯಾಸಗಳನ್ನು ಸರಿಪಡಿಸಿಕೊಂಡು ವರ್ಷಕ್ಕೊಮ್ಮೆ ತೋರಿಸಿಕೊಂಡರೆ ಸಾಕು. ಮಧ್ಯಮ ಹಂತದವರಿಗೆ ಎರಡು ಬಗೆಯ ಮಾತ್ರೆಗಳಿವೆ.

ಮೊದಲನೆಯದು ಟ್ಯಾಮ್ಸುಲೋಸಿನ್, ಆಲ್ಫುಜೋಸಿನ್, ಸೈಲೋಡೋಸಿನ್ ಗುಂಪು. ಇವು ತೂಬಿನ ಬಾಯಿಯ ಸ್ನಾಯುವನ್ನು ಸಡಿಲಿಸುತ್ತವೆ. ಕೆಲವೇ ದಿನಗಳಲ್ಲಿ ಗುಣ ಕಾಣುತ್ತದೆ. ಹಠಾತ್ತನೆ ಎದ್ದು ನಿಂತರೆ ತಲೆ ತಿರುಗಬಹುದು, ಆದ್ದರಿಂದ ಹಾಸಿಗೆಯ ಮೇಲೆ ಒಂದು ನಿಮಿಷ ಕೂತು ಏಳಿರಿ. ಈ ಮಾತ್ರೆ ತೆಗೆದುಕೊಳ್ಳುತ್ತಿರುವವರು, ಹಿಂದೆ ತೆಗೆದುಕೊಂಡಿದ್ದವರು ಕೂಡ, ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಗೆ ಹೋದಾಗ ಅದನ್ನು ನೇತ್ರ ವೈದ್ಯರಿಗೆ ಮೊದಲೇ ತಿಳಿಸಬೇಕು. ಇದು ಕಣ್ಣಿನ ಪಾಪೆಯ ಸ್ನಾಯುವನ್ನೂ ಸಡಿಲಿಸುವುದರಿಂದ ಅವರು ವಿಶೇಷ ಎಚ್ಚರ ವಹಿಸಬೇಕಾಗುತ್ತದೆ. ಉಚಿತ ನೇತ್ರ ಶಿಬಿರಕ್ಕೆ ಹೋಗುವ ಹಿರಿಯರು ಇದನ್ನು ಮರೆಯಬಾರದು.

ಎರಡನೆಯದು ಫಿನಾಸ್ಟರೈಡ್ ಮತ್ತು ಡ್ಯುಟಾಸ್ಟರೈಡ್. ಇವು ದೊಡ್ಡ ಗ್ರಂಥಿಯನ್ನು ಕುಗ್ಗಿಸುತ್ತವೆ. ಈ ಔಷಧಿಯ ಹಿಂದೆ ಒಂದು ಕುತೂಹಲದ ಕಥೆಯಿದೆ. ಡೊಮಿನಿಕನ್ ಗಣರಾಜ್ಯದ ಒಂದು ಹಳ್ಳಿಯ ಕೆಲವು ಕುಟುಂಬಗಳಲ್ಲಿ ಪುರುಷ ಹಾರ್ಮೋನನ್ನು ಹೆಚ್ಚು ಪ್ರಬಲ ರೂಪಕ್ಕೆ ಪರಿವರ್ತಿಸುವ ಒಂದು ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವುದನ್ನು 1974ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಆ ಗಂಡಸರ ಪ್ರಾಸ್ಟೇಟ್ ಚಿಕ್ಕದಾಗಿಯೇ ಉಳಿದಿತ್ತು. ಅದೇ ಕಿಣ್ವವನ್ನು ತಡೆಯುವ ಮಾತ್ರೆಯನ್ನು ಹುಡುಕಿದ್ದರ ಫಲ, 1992ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಫಿನಾಸ್ಟರೈಡ್. ಇದರ ಗುಣ ಕಾಣಲು ಆರು ತಿಂಗಳಾದರೂ ಬೇಕು, ಹದಿನೈದು ದಿನಕ್ಕೆ ಬಿಟ್ಟರೆ ದಂಡ. ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಂದಬಹುದು. ಅಂಥವರು ಸಂಕೋಚಪಡದೆ ವೈದ್ಯರಿಗೆ ಹೇಳಿರಿ. ಗರ್ಭಿಣಿಯರು ಒಡೆದ ಮಾತ್ರೆಯನ್ನು ಮುಟ್ಟಬಾರದು.

ಈ ಮಾತ್ರೆಗಳನ್ನು ಬಹುಕಾಲ ನುಂಗಬೇಕಾಗುವುದರಿಂದ ಖರ್ಚಿನ ಚಿಂತೆ ಸಹಜ. ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆಯೇ ಎಂದು ವಿಚಾರಿಸಿರಿ.

ಶಸ್ತ್ರಚಿಕಿತ್ಸೆ ಯಾರಿಗೆ?

ಮಾತ್ರೆಗೆ ಬಗ್ಗದಿದ್ದರೆ, ಪದೇಪದೇ ಮೂತ್ರ ಕಟ್ಟಿದರೆ, ಮೂತ್ರಕೋಶದಲ್ಲಿ ಕಲ್ಲಾದರೆ, ಮರಳಿ ಮರಳಿ ಸೋಂಕು ಅಥವಾ ರಕ್ತ ಕಂಡರೆ, ಮೂತ್ರಪಿಂಡಕ್ಕೆ ಧಕ್ಕೆ ತಟ್ಟಿದ್ದರೆ ಶಸ್ತ್ರಚಿಕಿತ್ಸೆ ಬೇಕು.

ಹೊಟ್ಟೆ ಕೊಯ್ದು ಮೂತ್ರಕೋಶದ ಮೂಲಕ ಗ್ರಂಥಿಯ ಬೆಳೆದ ಭಾಗವನ್ನು ತೆಗೆಯುವ ವಿಧಾನವನ್ನು 1900ರಲ್ಲಿ ಲಂಡನ್ನಿನಲ್ಲಿ ರೂಢಿಗೆ ತಂದವರು ಪೀಟರ್ ಫ್ರೇಯರ್. ಅದಕ್ಕೂ ಮೊದಲು ಅವರು ಭಾರತದಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿ ದುಡಿದು, ಮೂತ್ರಕೋಶದ ಕಲ್ಲು ತೆಗೆಯುವುದರಲ್ಲಿ ಹೆಸರು ಮಾಡಿದ್ದರು. ಇಂದು ಬಹುತೇಕರಿಗೆ ಹೊಟ್ಟೆ ಕೊಯ್ಯುವ ಅಗತ್ಯವೇ ಇಲ್ಲ. 'ಟರ್ಪ್' ಎಂಬ ವಿಧಾನದಲ್ಲಿ ಸೊಂಟದ ಕೆಳಗೆ ಮಾತ್ರ ಅರಿವಳಿಕೆ ಕೊಟ್ಟು, ಮೂತ್ರನಾಳದ ಮೂಲಕವೇ ದುರ್ಬೀನು ಹಾಯಿಸಿ, ಒಳಗೆ ಬೆಳೆದ ಭಾಗವನ್ನು ತುಣುಕು ತುಣುಕಾಗಿ ಕೆರೆದು ತೆಗೆಯುತ್ತಾರೆ. ಲೇಸರ್ ವಿಧಾನವೂ ಇದೆ. ಕೆಲವೇ ದಿನಗಳಲ್ಲಿ ಮನೆಗೆ ಮರಳಬಹುದು.

"ಆಪರೇಶನ್ ಆದರೆ ಗಂಡಸ್ತನ ಹೋಗ್ತದಂತೆ" ಎಂಬ ಮಾತು ಅನೇಕರನ್ನು ಹಿಂದೆಗೆಯುವಂತೆ ಮಾಡುತ್ತದೆ. ವಾಸ್ತವ ಹೀಗಿದೆ: ಟರ್ಪ್ ನಂತರ ಬಹುಪಾಲು ಜನರ ಲೈಂಗಿಕ ಶಕ್ತಿ ಹಾಗೇ ಉಳಿಯುತ್ತದೆ. ಆದರೆ ವೀರ್ಯ ಹೊರಬರದೆ ಹಿಮ್ಮುಖವಾಗಿ ಮೂತ್ರಕೋಶ ಸೇರುವುದು ಸಾಮಾನ್ಯ. ಅದರಿಂದ ಆರೋಗ್ಯಕ್ಕೆ ಹಾನಿಯಿಲ್ಲ. ಚಿಕಿತ್ಸೆಯ ಬಳಿಕ ನಾಲ್ಕಾರು ವಾರ ಭಾರ ಎತ್ತುವುದು, ಸೈಕಲ್, ಟ್ರ್ಯಾಕ್ಟರ್ ಸವಾರಿ ಬೇಡ.

ನಮ್ಮ ಭಾಗದವರು ಮೊದಲು ಮುಂಡಗೋಡ ತಾಲೂಕು ಆಸ್ಪತ್ರೆಯಲ್ಲೋ ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಯಲ್ಲೋ ತೋರಿಸಿ, ಅಗತ್ಯವಿದ್ದರೆ ಪತ್ರ ಪಡೆದು, ಜನ ಈಗಲೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗುವುದು ಅನುಕೂಲ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ನೆರವು ನಿಮಗೆ ಎಷ್ಟು ಸಿಗುತ್ತದೆ ಎಂಬುದನ್ನು ಪಡಿತರ ಚೀಟಿ, ಆಧಾರ್ ತೋರಿಸಿ ಮೊದಲೇ ಕೇಳಿ ತಿಳಿಯಿರಿ.

ಇದು ಕ್ಯಾನ್ಸರ್ ಅಲ್ಲವಷ್ಟೆ?

ಎಲ್ಲರ ಮನಸ್ಸಿನಲ್ಲಿ ಇರುವ ಪ್ರಶ್ನೆ ಇದು. ವಯಸ್ಸಿನಿಂದ ಹಿಗ್ಗಿದ ಪ್ರಾಸ್ಟೇಟ್ ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರಾಗಿ ಮಾರ್ಪಡುವುದೂ ಇಲ್ಲ. ಎರಡೂ ಬೇರೆ ಬೇರೆ ಕಾಯಿಲೆಗಳು. ಆದರೆ ಒಬ್ಬರಲ್ಲೇ ಎರಡೂ ಇರಬಹುದು.

ಹಿಗ್ಗುವಿಕೆ ಗ್ರಂಥಿಯ ಒಳಭಾಗದಲ್ಲಿ, ನಾಳದ ಸುತ್ತ ಆಗುತ್ತದೆ. ಕ್ಯಾನ್ಸರ್ ಹೆಚ್ಚಾಗಿ ಹೊರ ಅಂಚಿನಲ್ಲಿ ಹುಟ್ಟುತ್ತದೆ. ಆದ್ದರಿಂದ ಆರಂಭದಲ್ಲಿ ಅದು ಮೂತ್ರಕ್ಕೆ ಅಡ್ಡಿ ಮಾಡುವುದಿಲ್ಲ, ಗುರುತನ್ನೂ ಕೊಡುವುದಿಲ್ಲ. ಟರ್ಪ್ ಆದವರಲ್ಲೂ ಹೊರ ಅಂಚು ಉಳಿದಿರುವುದರಿಂದ ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆ ಇದ್ದೇ ಇರುತ್ತದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ನಗರದ ಕ್ಯಾನ್ಸರ್ ನೋಂದಣಿ ಇಟ್ಟುಕೊಂಡು ಬಂದಿದೆ. ಈ ದಶಕಗಳಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಅಲ್ಲಿನ ಗಂಡಸರಲ್ಲಿ ಮುಂಚೂಣಿಯ ಕ್ಯಾನ್ಸರುಗಳ ಸಾಲಿಗೆ ಸೇರಿದೆ.

ಪಿ.ಎಸ್.ಎ. ಎಂಬ ರಕ್ತಪರೀಕ್ಷೆ ಇದನ್ನು ಸಂಶಯಿಸಲು ನೆರವಾಗುತ್ತದೆ, ಖಚಿತಪಡಿಸುವುದಿಲ್ಲ. ಸಾಮಾನ್ಯವಾಗಿ 4ರ ಒಳಗಿದ್ದರೆ ಸರಿ ಎನ್ನುವ ರೂಢಿಯಿದೆ. ಆದರೆ ಗ್ರಂಥಿ ಹಿಗ್ಗಿದರೂ, ಸೋಂಕಾದರೂ, ಮೂತ್ರ ಕಟ್ಟಿದರೂ, ನಳಿಕೆ ಹಾಕಿದರೂ ಅದು ಏರುತ್ತದೆ. ಅಂಥ ಸಮಯದಲ್ಲಿ ಮಾಡಿಸಿ ಗಾಬರಿಯಾಗುವ ಬದಲು ಕೆಲವು ವಾರ ಬಿಟ್ಟು ಮಾಡಿಸಿರಿ. ಫಿನಾಸ್ಟರೈಡ್ ತೆಗೆದುಕೊಳ್ಳುವವರಲ್ಲಿ ಈ ಅಂಕಿ ಸುಮಾರು ಅರ್ಧಕ್ಕೆ ಇಳಿದಿರುತ್ತದೆ, ಆದ್ದರಿಂದ ಮಾತ್ರೆಯ ವಿಷಯ ವೈದ್ಯರಿಗೆ ತಿಳಿಸಿರಿ. ಸಂಶಯ ಬಲವಾದರೆ ಎಂ.ಆರ್.ಐ., ಆಮೇಲೆ ಗ್ರಂಥಿಯ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ. ಐವತ್ತು ದಾಟಿದವರು, ತಂದೆಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಇದ್ದಲ್ಲಿ ನಲವತ್ತೈದರಿಂದಲೇ, ಈ ಪರೀಕ್ಷೆ ತಮಗೆ ಬೇಕೇ ಎಂದು ವೈದ್ಯರೊಡನೆ ಚರ್ಚಿಸುವುದು ಒಳ್ಳೆಯದು.

ರೈತಾಪಿ ಜನರಿಗೆ ಸೊಂಟನೋವು ಹೊಸದಲ್ಲ. ಆದರೆ ಹಿರಿಯರಲ್ಲಿ ರಾತ್ರಿಯೂ ಬಿಡದ, ವಾರದಿಂದ ವಾರಕ್ಕೆ ಹೆಚ್ಚುವ ಬೆನ್ನುನೋವು, ತೂಕ ಇಳಿಯುವುದು ಕಂಡರೆ ಕ್ಯಾನ್ಸರ್ ಮೂಳೆಗೆ ಹರಡಿರುವ ಸಾಧ್ಯತೆಯನ್ನು ನೋಡಬೇಕು. ಕಾಲಿನ ಬಲ ಕುಂದಿದರೆ ಅದೇ ದಿನ ಆಸ್ಪತ್ರೆ ಸೇರಬೇಕು. ಹರಡಿದ ಮೇಲೂ ಕೈಚೆಲ್ಲಬೇಕಾಗಿಲ್ಲ. ಪುರುಷ ಹಾರ್ಮೋನನ್ನು ತಗ್ಗಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಎಂದು 1941ರಲ್ಲಿ ತೋರಿಸಿದ ಚಾರ್ಲ್ಸ್ ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆ ತತ್ವದ ಮೇಲಿನ ಚಿಕಿತ್ಸೆಯಿಂದ ಎಷ್ಟೋ ಜನ ವರ್ಷಗಟ್ಟಲೆ ನೆಮ್ಮದಿಯಾಗಿ ಬದುಕಿದ್ದಾರೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಎಲ್ಲಕ್ಕೂ ಬೆಂಗಳೂರಿಗೇ ಓಡಬೇಕಿಲ್ಲ.

ತರುಣರಿಗೂ ಒಂದು ಮಾತು

ಪ್ರಾಸ್ಟೇಟಿನ ಸೋಂಕು ಯಾವ ವಯಸ್ಸಿನಲ್ಲೂ ಬರಬಹುದು. ಚಳಿಜ್ವರ, ಉರಿಮೂತ್ರ, ವೃಷಣ ಮತ್ತು ಗುದದ್ವಾರದ ನಡುವೆ ನೋವು ಅದರ ಲಕ್ಷಣಗಳು. ಮೂರು ದಿನದ ಮಾತ್ರೆಗೆ ಜ್ವರ ಬಿಟ್ಟರೂ ಸೋಂಕು ಗ್ರಂಥಿಯಲ್ಲಿ ಅಡಗಿರುತ್ತದೆ. ವೈದ್ಯರು ಹೇಳಿದಷ್ಟು ವಾರ ಔಷಧಿ ಪೂರ್ತಿ ಮಾಡಿರಿ.

ಮನೆಯಲ್ಲಿ ಪಾಲಿಸಬೇಕಾದ ನಿಯಮಗಳು

* ದಿನದ ಒಟ್ಟು ನೀರನ್ನು ಕಡಿಮೆ ಮಾಡಬೇಡಿ. ಹಗಲಲ್ಲಿ ಧಾರಾಳವಾಗಿ ಕುಡಿದು, ಮಲಗುವ ಎರಡು ಗಂಟೆ ಮೊದಲು ನಿಲ್ಲಿಸಿರಿ. ಸಂಜೆಯ ಮೇಲೆ ಚಹಾ, ಕಾಫಿ ಬೇಡ.
* ಬಿ.ಪಿ.ಗೆ ಮೂತ್ರವರ್ಧಕ ಮಾತ್ರೆ ಇದ್ದರೆ ಬೆಳಿಗ್ಗೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿರಿ.
* ಮೂತ್ರ ಮಾಡಿ ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಪ್ರಯತ್ನಿಸಿರಿ. ಅವಸರ ಬೇಡ.
* ಮಲಬದ್ಧತೆ ಆಗದಂತೆ ಸೊಪ್ಪು, ತರಕಾರಿ, ಹಣ್ಣು ಇರಲಿ. ದಿನವೂ ನಡೆದಾಡಿರಿ.
* ನೆಗಡಿ ಮಾತ್ರೆ ಕೊಳ್ಳುವಾಗ ಪ್ರಾಸ್ಟೇಟ್ ತೊಂದರೆ ಇದೆ ಎಂದು ಹೇಳಿರಿ.
* ಪ್ರಯಾಣಕ್ಕೆ ಮೊದಲು ಮೂತ್ರ ಮಾಡಿ ಹೊರಡಿರಿ. ದಾರಿಯಲ್ಲಿ ಬಸ್ಸು ನಿಲ್ಲಿಸಿ ಎಂದು ಕೇಳಲು ನಾಚಬೇಡಿ.
* ಹಿತ್ತಲ ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ದೀಪ ಉರಿಯಲಿ. ಮಳೆಗಾಲದ ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡರೆ ಹಿರಿಯರು ಹಾಸಿಗೆ ಹಿಡಿಯುತ್ತಾರೆ. ಕೋಣೆಯಲ್ಲೇ ಒಂದು ಪಾತ್ರೆ ಇಟ್ಟುಕೊಳ್ಳುವುದರಲ್ಲಿ ಅವಮಾನವೇನಿಲ್ಲ.
* ಮೂತ್ರದಲ್ಲಿ ರಕ್ತ ಒಂದೇ ಸಲ ಕಂಡು ನಿಂತುಹೋದರೂ ತಪ್ಪದೆ ವೈದ್ಯರನ್ನು ಕಾಣಿರಿ.

ಹೆಂಗಸರ ಕಾಯಿಲೆಗಳ ಬಗ್ಗೆ ಮಾತನಾಡಲು ನಾವು ಈಗೀಗ ಕಲಿತಿದ್ದೇವೆ. ಗಂಡಸರ ಈ ಕಾಯಿಲೆಯ ಬಗ್ಗೆ ಮನೆಯೊಳಗೆ ಇನ್ನೂ ಮಾತಿಲ್ಲ. ಮಗಳ ಎದುರು ಹೇಳಲು ನಾಚಿಕೆ, ಮಗನಿಗೆ ಬಿಡುವಿಲ್ಲ, ಹೆಂಡತಿಗೆ ಹೇಳಿ ಚಿಂತೆಗೆ ಹಚ್ಚುವುದೇಕೆ ಎಂಬ ಯೋಚನೆ. ಹಾಗಾಗಿ ಮೊದಲ ಮಾತನ್ನು ಮನೆಯವರೇ ಆಡಬೇಕು. "ಅಪ್ಪ, ರಾತ್ರಿ ಎಷ್ಟು ಸಲ ಏಳ್ತಿ? ಧಾರೆ ಸರಿ ಬರ್ತದೇನು?" ಎಂದು ಕೇಳಿರಿ. ಎರಡು ಸಲಕ್ಕಿಂತ ಹೆಚ್ಚು ಎಂದರೆ ಈ ವಾರವೇ ಅವರನ್ನು ತಪಾಸಣೆಗೆ ಕರೆದೊಯ್ಯಿರಿ. ವೈದ್ಯರ ಕೋಣೆಯಲ್ಲಿ ಐದು ನಿಮಿಷ ಅವರನ್ನು ಒಬ್ಬರನ್ನೇ ಬಿಡಿ. ಉಳಿದದ್ದನ್ನು ಅವರೇ ಹೇಳುತ್ತಾರೆ.